ಫಾರಂನಲ್ಲಿ ಜಾಗವಿಲ್ಲ

ಸಿದ್ದಾಪುರದ ಆಸ್ಪತ್ರೆ, ಬೆಳಿಗ್ಗೆ ಏಳೂವರೆ.
ಖಾಲಿ ಹೊಟ್ಟೆಗಳ ಸಾಲು ಬಾಗಿಲು ದಾಟಿ
ಮಂಜಿನೊಳಗೆ ಹೋಗಿದೆ.

ಎರವರ ಬೊಳ್ಳಿ ಬೆರಳು ಚಾಚಿದಳು.
ಸೂಜಿ ಇಳಿಯಲೊಲ್ಲದು.
ಇಪ್ಪತ್ತೆಂಟು ವರ್ಷ ಕಾಫಿಯ ಕಾಂಡ ಉಜ್ಜಿ
ಕೊರಕ ಹುಳಕ್ಕೆ ಮದ್ದು ಬಳಿದ ಬೆರಳು.
ಉಗುರ ಬುಡದಲ್ಲಿ ಮೈಲುತುತ್ತದ ನೀಲಿ
ಎಂದುಕೊಂಡೆ. ಅಲ್ಲ, ಬರೀ ಚಳಿ.

ಮುನ್ನೂರ ಹನ್ನೆರಡು.

“ಮಿಠಾಯಿ ತಿಂದವಳಲ್ಲ ಮೇಡಂ,” ಎಂದಳು
ಕದ್ದು ಸಿಕ್ಕಿಬಿದ್ದವಳ ಹಾಗೆ.
“ಬೆಲ್ಲದ ಕಾಫಿ ಎರಡು ಲೋಟ. ಅಷ್ಟೇ.
ಅದೂ ಕಣ ಗುಡಿಸಿದ ಮೇಲೆ ಉಳಿದ ಬೀಜದ್ದು.”

ಫಾರಂ ಕೇಳುತ್ತದೆ: ತಂದೆಗಿತ್ತೆ? ತಾಯಿಗಿತ್ತೆ?
“ಅಪ್ಪನನ್ನು ಆನೆ ತುಳಿಯಿತು. ಅವ್ವ ಹೆರಿಗೆಯಲ್ಲಿ.
ಸಕ್ಕರೆ ಬರುವಷ್ಟು ದಿನ
ನಮ್ಮಲ್ಲಿ ಯಾರೂ ಇರಲಿಲ್ಲ.”
ತೂಕ ನಲವತ್ತೊಂದು.
ದಿನಕ್ಕೆ ಅರ್ಧ ಗಂಟೆ ನಡೆಯುತ್ತೀರಾ?
ಈ ಸಾಲನ್ನು ನಾನು ಓದದೆ ದಾಟಿದೆ.

ನೀರು ಎಲ್ಲಿಂದ ತರ್ತೀಯ, ಎಂದೆ,
ಹತ್ತಿ ಒತ್ತಿ ಹಿಡಿದಷ್ಟು ಹೊತ್ತಿಗೆ ಒಂದು ಮಾತು.
ಲೈನ್‌ಮನೆ ಕೆಳಗಿನ ಬಾವಿ. ಇಡೀ ತೋಟ
ಮಳೆಗಾಲದಲ್ಲಿ ಇಳಿದು ಬಂದು ಕೂರುವ ಜಾಗ.
ಯಾತರಲ್ಲಿ?
ಬಿಳಿ ಕ್ಯಾನಿನಲ್ಲಿ.
ಯಾವ ಕ್ಯಾನು?
“ಮದ್ದಿನದ್ದೇ. ಬೂದಿ ಹಾಕಿ ಮೂರು ಸಲ ತೊಳೆದದ್ದು.
ಗಟ್ಟಿ ಕ್ಯಾನು ಮೇಡಂ, ಹನ್ನೊಂದು ವರ್ಷ,
ಒಂದು ಬಿರುಕಿಲ್ಲ.”
ಅವಳ ಮುಖದಲ್ಲಿ ಆಗ ಮಾತ್ರ ಸ್ವಲ್ಪ ಹೆಮ್ಮೆ.

ಡಾಕ್ಟರಿಗೆ ಹೇಳಿದೆ. ಪೆನ್ನಿನ ಮುಚ್ಚಳ ಕಚ್ಚಿದರು.
ಇರಬಹುದು, ಇಲ್ಲದಿರಲೂಬಹುದು.
ಎಲ್ಲೆಲ್ಲೋ ರಕ್ತದೊಳಗಿನ ಮದ್ದನ್ನೂ ಅಳೆದಿದ್ದಾರಂತೆ,
ಅದು ಹೆಚ್ಚಿದ್ದವರಲ್ಲಿ ಇದೂ ಹೆಚ್ಚು ಕಂಡಿತಂತೆ.
ಇವಳದ್ದು ಅದರಿಂದಲೇ ಎಂದು ಹೇಗೆ ಬರೆಯಲಿ?
ನಮ್ಮ ಮೆಷಿನ್ನಿಗೆ ಗೊತ್ತಿರುವುದು
ಒಂದೇ ರುಚಿ.

ಮಾತ್ರೆ ಕೊಟ್ಟೆ, ಚೀಟಿ ಕೊಟ್ಟೆ.
ಚೀಟಿಯಲ್ಲಿ ಮಾವು ಬೇಡ, ಬಾಳೆ ಬೇಡ, ಬೆಲ್ಲ ಬೇಡ.
ಮಡಚಿ ಸೊಂಟಕ್ಕೆ ಸಿಕ್ಕಿಸಿ
“ಬೆಲ್ಲ ಬಿಡ್ತೇನೆ,” ಎಂದಳು.
ಬಿಡಲು ಅವಳ ಕೈಲಿದ್ದದ್ದು ಅದೊಂದೇ.

ಫಾರಂನ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ,
‘ಕ್ಯಾನು’ ಎಂದು ಬರೆದಿಟ್ಟೆ.
ಕಂಪ್ಯೂಟರು ಅದನ್ನು ತೆಗೆದುಕೊಳ್ಳುವುದಿಲ್ಲ.
ಸಂಜೆ ನಾನೂ ಮನೆಯ ನಲ್ಲಿ ತಿರುಗಿಸಿ
ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ ಈಚೆಗೆ,
ಏನೂ ಕಾಣದೆ ಕುಡಿಯುತ್ತೇನೆ.

ಮುಂದಿನವನು ಬಂದ. ಬೆರಳು ಕೊಟ್ಟ.
ರಕ್ತದ ಹನಿ ಉಬ್ಬುವುದನ್ನು ನೋಡುತ್ತ,
ಮೂಲೆಯತ್ತ ಗದ್ದ ಎತ್ತಿ ಕೇಳಿದ:
“ಆ ಖಾಲಿ ಕ್ಯಾನು ಬಿಸಾಕ್ತೀರಾ ಮೇಡಂ?
ನೀರಿಗೆ ಆಗ್ತಿತ್ತು.”