ಹತ್ತಿ ಬೇಕಿತ್ತು

ಮೊದಲ ರಾತ್ರಿ ಬಂದು ಹತ್ತಿ ಕೇಳಿದಳು.
ಕೊಟ್ಟೆ.
ಎರಡನೆಯ ರಾತ್ರಿ ಗಾಯದ ಪಟ್ಟಿ.
ಕೊಟ್ಟೆ, ಸಹಿ ಹಾಕಿಸಿಕೊಂಡೆ.
ಮೂರನೆಯ ರಾತ್ರಿ ಗಂಟೆಯೆಷ್ಟು ಎಂದಳು,
ತಲೆಯ ಮೇಲೇ ಗಡಿಯಾರ ನೇತಾಡುತ್ತಿತ್ತು.

ಎಲ್ ಆಲ್ತೋದ ಚಳಿ ನಿಮಗೆ ಗೊತ್ತಿರಲಿಕ್ಕಿಲ್ಲ.
ನಾಲ್ಕು ಸಾವಿರ ಮೀಟರಿನ ಎತ್ತರದಲ್ಲಿ, ಜೂನ್ ತಿಂಗಳಲ್ಲಿ
ಮಾತು ಬಾಯಿಂದ ಹೊಗೆಯಾಗಿ ಹೊರಟು
ಔಷಧದ ಕಿಟಕಿಯ ಕಂಬಿ ಮುಟ್ಟುವಷ್ಟರಲ್ಲಿ ಮಂಜು.
ಎದೆಲ್ಮಿರಾ ಲಿಮಾಚಿ, ಮೂವತ್ತೆಂಟು ವರ್ಷ,
ಹಗಲು ಶುಶ್ರೂಷೆಯ ಶಾಲೆ, ರಾತ್ರಿ ಇದೇ ಆಸ್ಪತ್ರೆಯ ನೆಲ,
ಒರೆಸುಗೋಲನ್ನು ಗೋಡೆಗೆ ಒರಗಿಸಿ
ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು.
ಔಷಧದ ಲೆಕ್ಕ. ನೂರಕ್ಕೆ ಮೂವತ್ತೇಳು.
ಐವತ್ತೊಂದಾದರೆ ಪಾಸು.

"ದೋನ್ ಅಬುಂದಿಯೋ, ನೀವು ಓದಿದವರಂತೆ."
ಅಂತೆ. ಅದು ಸರಿಯಾದ ಮಾತು.

ಖಾಲಿ ಪೆಟ್ಟಿಗೆಗಳ ಮೇಲೆ ಕೂತೆವು.
ಓಣಿಯ ಕೊನೆಯಲ್ಲಿ ಸೋರುವ ನಲ್ಲಿಯೇ ನಮ್ಮ ಕರಿಹಲಗೆ:
ಇಪ್ಪತ್ತು ಹನಿಗೆ ಒಂದು ಮಿಲಿಲೀಟರಾದರೆ
ಐನೂರು ಇಳಿಯಲು ಎಷ್ಟು ಹೊತ್ತು?
ಗುಣಾಕಾರ ಅವಳಿಗೆ ನೀರು ಕುಡಿದಷ್ಟು ಸಲೀಸು,
ಗುರುವಾರದ ಸಂತೆಯಲ್ಲಿ ಒಣ ಆಲೂಗಡ್ಡೆ ಮಾರಿದ ಕೈ,
ಬೆರಳ ಗೆಣ್ಣುಗಳ ಮೇಲೇ ಮುಗಿಸಿ
ನನ್ನ ಪೆನ್ಸಿಲ್ಲಿಗಾಗಿ ಕಾಯುತ್ತಿದ್ದಳು.

ಆಗಸ್ಟಿನಲ್ಲಿ ಮತ್ತೆ ಪರೀಕ್ಷೆ.
ನಲವತ್ತೆಂಟು.

ಆ ರಾತ್ರಿ ಹತ್ತಿ ಕೇಳಲಿಲ್ಲ.
ನೇರ ಬಂದು ಕಾಗದವನ್ನು ಗಾಜಿಗೆ ಒತ್ತಿ ಹಿಡಿದು
"ಇದು ಏನು?" ಎಂದಳು. ಬೆರಳು
ಎರಡು ಅಂಕಿಗಳ ನಡುವೆ ಕೂತ ಅಲ್ಪವಿರಾಮದ ಮೇಲೆ.
ನಮ್ಮಲ್ಲಿ ದಶಾಂಶಕ್ಕೆ ಚುಕ್ಕಿಯಿಲ್ಲ, ಅಲ್ಪವಿರಾಮ.
ಅವಳು ಓದಿದ್ದೂ ಹಾಗೆಯೇ:
ಸೊನ್ನೆ, ತುಸು ತಡೆದು, ಇಪ್ಪತ್ತೈದು.
ಕಾಗದದ ಮೇಲಿನ ರೋಗಿ ನೂರು ಪಟ್ಟು ಔಷಧ ಕುಡಿದು
ಪ್ರತಿ ಸಲವೂ ಸತ್ತಿದ್ದ.

"ಶಾಲೆಯಲ್ಲಿ ಇದು ಬಂದ ವರ್ಷ ನಾನು ಲಾಮಾಗಳ ಹಿಂದೆ ಇದ್ದೆ.
ವಾಪಸು ಬಂದಾಗ ಎಲ್ಲರಿಗೂ ಗೊತ್ತಿತ್ತು.
ಎಲ್ಲರಿಗೂ ಗೊತ್ತಿರುವುದನ್ನು
ಯಾರನ್ನು ಕೇಳುವುದು?"

ಮೂವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡದ್ದು
ಈಚೆ ಬಿದ್ದಾಗ ಅಕ್ಕಿಯ ನುಚ್ಚಿನಷ್ಟಿತ್ತು.

ನಾನು ಬೆಳಗಿನ ಬ್ರೆಡ್ಡಿಗೆ ಚಾಕು ಹಾಕಿದೆ.
ಹತ್ತು ತುಂಡು. "ಇದು ಹತ್ತರಲ್ಲಿ ಒಂದು."
ಆ ಒಂದನ್ನು ಮತ್ತೆ ಹತ್ತು ಮಾಡಿದೆ, ಬರೀ ಪುಡಿ.
"ನೂರರಲ್ಲಿ ಒಂದು."
ಚಾಕು ಮತ್ತೆ ಎತ್ತಿದ್ದೇ ತಡ, ಕೈ ಹಿಡಿದಳು:
"ಸಾವಿರ ಬೇಡ. ನೆಲ ಒರೆಸುವವಳು ನಾನೇ."

ಸುಲಭವಾಗಲಿಲ್ಲ. ಮಗಳಿಗೆ ಜ್ವರ ಬಂದು
ಎರಡು ವಾರ ಕಾಣಲಿಲ್ಲ. ಒಂದು ರಾತ್ರಿ
ಪೆನ್ಸಿಲ್ಲನ್ನು ನನ್ನತ್ತಲೇ ಎಸೆದಳು; ಆಮೇಲೆ ಹುಡುಕಿ ತಂದು,
ಮೊನೆ ಮಾಡಿ, ಮತ್ತೆ ಕೂತಳು.
ನವೆಂಬರಿನಲ್ಲಿ ಅರವತ್ತನಾಲ್ಕು.
ನೇರಳೆ ಜೋಳದ ಬಿಸಿ ಅಂಬಲಿ ತಂದುಕೊಟ್ಟು
ಮೇಲಿನ ವಾರ್ಡಿಗೆ ಹೋದಳು, ಬಿಳಿ ಅಂಗಿಯಲ್ಲಿ.

ನನ್ನದನ್ನು ಅವಳಿಗೆ ಹೇಳಿರಲಿಲ್ಲ.
ಔಷಧಶಾಸ್ತ್ರದ ಕೊನೆಯ ವರ್ಷ, ಒಂದೇ ವಿಷಯ, ಎರಡು ಸಲ.
ಮೇಷ್ಟರ ಬಾಗಿಲ ತನಕ ಹೋಗಿ
ತಟ್ಟಲೆಂದು ಎತ್ತಿದ ಕೈಯಲ್ಲಿ
ತಲೆ ಕೆರೆದುಕೊಂಡು ಮರಳಿದವನು ನಾನು.
ಇಪ್ಪತ್ತಾರು ವರ್ಷ, ಬೇರೆಯವರು ಬರೆದ ಚೀಟಿಗೆ
ಮಾತ್ರೆ ಎಣಿಸುತ್ತಿದ್ದೇನೆ.

ನಿನ್ನೆ ರಾತ್ರಿ ಮೆಟ್ಟಿಲು ಹತ್ತಿದೆ.
ನಡುವೆ ಎರಡು ಕಡೆ ನಿಂತೆ; ವಯಸ್ಸು ಎಂದುಕೊಳ್ಳಿ.
ಅವಳು ಮೇಜಿನಿಂದ ತಲೆಯೆತ್ತಿದಳು.
"ಹತ್ತಿ ಬೇಕಿತ್ತು" ಎಂದೆ.

ಇಡೀ ಆಸ್ಪತ್ರೆಯ ಹತ್ತಿ ಇರುವುದೇ ನನ್ನ ಕೋಣೆಯಲ್ಲಿ.

ಕೊಟ್ಟಳು. ಸಹಿ ಹಾಕಿಸಿಕೊಂಡಳು.
"ನಾಳೆ ಬಂದು ಪಟ್ಟಿ ಕೇಳಿ" ಎಂದಳು, "ನಾಡಿದ್ದು ಗಂಟೆ."
ಆಮೇಲೆ ಕಾಲಿನಿಂದಲೇ ಕುರ್ಚಿ ಈಚೆ ತಳ್ಳಿ:
"ಇಲ್ಲಾಂದ್ರೆ ಈಗಲೇ ಕೂತುಬಿಡಿ."