ಹಿಂದಿನಿಂದ ಹೇಳು

ತಬಸ್ಸುಮ್ ಮೇಡಮ್ಮರು ಮೂರು ಅಂಕಿ ಹೇಳತಾರ,
ಒಂದೊಂದರ ನಡುವ ಒಂದು ಉಸಿರಿನಷ್ಟು ಬಿಟ್ಟು:
ಏಳು. ಎರಡು. ಒಂಬತ್ತು.
ಈಗ ನೀ ಹಿಂದಿನಿಂದ ಹೇಳಪಾ, ಮೈಲಾರಿ.

ಅವ ಹಿಂದಕ ತಿರುಗಿ ನೋಡತಾನ.
ಹಿಂದ ಗ್ವಾಡಿ ಐತಿ, ಗ್ವಾಡಿಗೆ ಹ್ವಾದ ವರ್ಷದ ಕ್ಯಾಲೆಂಡರು,
ಅದರ ಕೆಳಗ ನಾ ಕುಂತೇನಿ, ತೊಡಿ ಮ್ಯಾಲ ಚೀಲ,
ಉಗುರಿನ್ಯಾಗ ಇನ್ನೂ ಬ್ಯಾಡಗಿ ಮೆಣಸಿನಕಾಯಿ ಕೆಂಪು.
ನಾ ನಗಲಿಲ್ಲ. ಮೇಡಮ್ಮರೂ ನಗಲಿಲ್ಲ.

ಆಮ್ಯಾಲ ಕಟ್ಟಿಗಿ ತುಂಡು ಕೊಟ್ರು, ಅರ್ಧ ಕೆಂಪು, ಅರ್ಧ ಬಿಳಿ,
ಚಿತ್ರದಾಗ ಇದ್ದಂಗ ಜೋಡಸು ಅಂದ್ರು.
ಗಡಿಯಾರ ದುಪಟ್ಟಾದ ಮರಿಗೆ ಹಿಡಕೊಂಡಿದ್ರು.
ಮೈಲಾರಿ ಒಂದು ತುಂಡು ಎತ್ತಿ ಮೂಸಿ ನೋಡಿದ.
ಎರಡು ಜೋಡಿಸೂದರಾಗ ಹೊತ್ತು ಮುಗದಿತ್ತು.

ಸಾಲ್ಯಾಗ ಮಾಸ್ತರ ಅಂತಾರ, ಇವಗ ಲಕ್ಷ್ಯನ ಇಲ್ಲ,
ಮೊನ್ನಿ ಕಲಿಸಿದ್ದು ಇವತ್ತ ಇಲ್ಲ, ಹಲಗಿ ಒರಸಿದಂಗ.
ನಾ ಏನ ಹೇಳ್ಲಿ? ಕಾರಣ ನಾಲಿಗಿ ತುದಿಗೇ ಐತಿ,
ನುಂಗತೇನಿ, ನೀರಿಲ್ಲದ ಗುಳಿಗಿಯಂಗ.
ಡಬ್ಬಿ ಮ್ಯಾಲಿನ ಚೀಟಿ ಕಿತ್ತು ಒಲಿಗೆ ಹಾಕಿದಾಕಿ ನಾ.
ಮುಂಜಾನೆ ಎಂಟಕ್ಕೊಂದು, ಸಂಜಿ ಎಂಟಕ್ಕೊಂದು
ಫೋನು ಕೂಗತೈತಿ. ನೆರಮನಿಯಾಕಿ ಕೇಳಿದ್ರ
ಧಾರಾವಾಹಿ ಹೊತ್ತಾತು ಅಂತೇನಿ.

ಡಾಕ್ಟರು ಸಮಾಧಾನಲೇ ತಿಳಿಸಿದ್ರು:
ರಕ್ತದಾಗ ಈಗ ವೈರಸ್ಸು ಎಣಿಕಿಗೆ ಸಿಗವಲ್ದು, ಚಲೋ ಆತು.
ಆದ್ರ ಮೆದುಳು ಭರಾಭರಾ ಬೆಳಿಯೂ ಹೊತ್ತಿನ್ಯಾಗ,
ಹಾಲಹಲ್ಲು ಬರೂಮುಂದ, ಮಾತು ಕೂಡೂಮುಂದ,
ಗುಳಿಗಿ ಇರಲಿಲ್ಲ ನೋಡ್ರಿ,
ಅದು ಒಳಗ ಹೊಕ್ಕು ಏನೋ ಮುಟ್ಟಿರಬೇಕು.
ಎಷ್ಟು ಅಂತ ಯಾರಿಗೂ ಹೇಳಾಕ ಬರೂದಿಲ್ಲ.
ಉಣಸ್ರಿ, ಮಾತಾಡಸ್ರಿ, ಆಡಸ್ರಿ. ಬೈಬ್ಯಾಡ್ರಿ.

ಯಾವಾಗ ಗೊತ್ತಾತು, ಅಂತ ಕೇಳಿದ್ರು, ಬರಕೊಳ್ಳಾಕ.
ಈಗ ನನ್ನ ಪಾಳಿ. ನಾನೂ ಹಿಂದಿನಿಂದ ಹೇಳಬೇಕು.

ಈಗ ಒಂಬತ್ತು.
ಎಂಟಕ್ಕ ಅಂಗಿ ಗುಂಡಿ ತಾನ ಹಾಕ್ಕೊಂಡ.
ಏಳಕ್ಕ ತನ್ನ ಹೆಸರಿನ್ಯಾಗಿನ ಲ ಬರದ, ತಿರುವಿ.
ಐದಕ್ಕ ಗುಳಿಗಿ ಚಾಲೂ.
ನಾಕಕ್ಕ ನನ್ನ ತಂಗಿ ಹೊನ್ನವ್ವ ಹ್ವಾದಳು, ಇದೇ ದವಾಖಾನ್ಯಾಗ.
ಆವಾಗಲೇ ಹೇಳಿದ್ರು, ಕೂಸಿನ ರಕ್ತಾನೂ ತೋರಿಸ್ರಿ ಅಂತ.
ತೋರಿಸಲಿಲ್ಲ. ಒಂದು ವರ್ಷ ತೋರಿಸಲಿಲ್ಲ.
ನೋಡಿದ್ರ ಇರತೈತಿ, ನೋಡದಿದ್ರ ಇರೂದಿಲ್ಲ ಅಂತ
ಮೆಣಸಿನಕಾಯಿ ತುಂಬು ಬಿಡಿಸಿಕೋತ ಕುಂತಿದ್ದೆ,
ಕಿಲೋಕ್ಕ ಇಷ್ಟು ಅಂತ, ಸೀನಿಕೋತ.
ಮೂರಕ್ಕ ಮಾತು ಬಂದಿರಲಿಲ್ಲ,
ಗಂಡ ಹುಡುಗ್ರಿಗೆ ತಡಾ ಆಗತೈತಿ ಅಂದಿದ್ವಿ.
ಎರಡು.
ಅಲ್ಲಿಂದ ಹಿಂದಕ ನನಗೂ ಬರಲಿಲ್ಲ.
ಮೇಡಮ್ಮರು ಪೆನ್ನು ಕೆಳಗಿಟ್ಟು ನೀರು ಕೊಟ್ರು.

ಸಂಜಿ ಪ್ಯಾಸೆಂಜರು. ಕಿಡಕಿ ಅವಂದು.
ಬರೂಮುಂದ ಟೇಶನ್ನು ಕಲಿಸಿದ್ದೆ, ತಿಂಗಳಾ ಕಲಸತೇನಿ,
ತಿಂಗಳಾ ಅವಗ ಹೊಸಾದು:
ಬ್ಯಾಡಗಿ ಬಿಟ್ರ ಹಾವೇರಿ, ಕರಜಗಿ, ಸವಣೂರು,
ಯಲವಿಗಿ, ಗುಡಗೇರಿ, ಸಂಶಿ, ಕುಂದಗೋಳ, ಹುಬ್ಬಳ್ಳಿ.
ಈಗ ಊರಿಗೆ ಹೊಂಟೀವಿ. ಅವ ಹಂಗ ಚಾಲೂ ಮಾಡಿದ.
ಹಾವೇರಿ, ಅಂದ. ಹೊರಗ ಕುಂದಗೋಳ ನಿಂತಿತ್ತು.
ಕರಜಗಿ, ಅಂದ. ಸಂಶಿ.
ರೈಲು ಆ ಕಡೆ, ಅವ ಈ ಕಡೆ.
ನಾ ತಿದ್ದಲಿಲ್ಲ. ತಿದ್ದಿ ತಿದ್ದಿ ದಣದಿದ್ದೆ.
ನಡುವ ಒಂದಿಷ್ಟು ಮರತು, ಶೇಂಗಾ ತಿಂದು,
ಕಿಡಕಿ ಸರಳಿಗೆ ಹಣಿ ಹಚ್ಚಿ ಕುಂತು ನೆನಸಿ,
ಯಲವಿಗಿ! ಅಂದ.
ಹೊರಗ ಹಳದಿ ಹಲಗಿ ಮ್ಯಾಲ ಯಲವಿಗಿ.
ಬಂತು ನೋಡ ದೊಡ್ಡವ್ವಾ, ನಾ ಹೇಳಿದ್ದು ಬಂತು,
ಅಂತ ಇಡೀ ಡಬ್ಬಿಗೆ ಕೇಳೂವಂಗ ಕುಣದ.

ಹಾವೇರಿ ಸಮೀಪ ಫೋನು ಕೂಗಿತು, ಎಂಟು.
ಬೆನ್ನು ಮರಿ ಮಾಡಿ ಡಬ್ಬಿ ತಗದೆ.
ಏನ ಗುಳಿಗಿ, ಅಂದಳು ಎದುರಿನಾಕಿ. ಜಂತಿಂದು, ಅಂದೆ.
ಪಾಪ, ಅಂತ ಅವನ ಗಲ್ಲಾ ಹಿಡದು ಕೇಳಿದಳು,
ಎಷ್ಟನೇತ್ತಿ ಓದತೀಯೋ?
ಅವ ನೀರು ಗುಟುಕರಿಸಿ, ನನ್ನ ಮಾರಿ ನೋಡಿ,
ಯಲವಿಗಿ, ಅಂದ.