ಬಾಯಿದ್ದವರ ಪೇಟೆ

ನಾರಿನ್ ಪಟ್ಟಣದ ಬಸ್ ನಿಲ್ದಾಣದ ಪಕ್ಕ
ಮೊದಲು ಹಲ್ಲಿನ ವೈದ್ಯನಿದ್ದ ಕೋಣೆಯಲ್ಲಿ
ನಾನು ಪೊಟ್ಟಣ ಕೊಡುವವಳು.
ಒಂದು ಮೇಜು, ಒಂದು ಹೀಟರು, ಗೋಡೆಯುದ್ದ ಕಪಾಟು,
ಮೂಲೆಯಲ್ಲಿ ಹಸಿರು ಪರದೆ, ಅದರ ಹಿಂದೆ ಕನ್ನಡಿ.
ತೊಟ್ಟು ನೋಡಿ, ಹೊಂದದಿದ್ದರೆ ಇಲ್ಲೇ ಬಿಟ್ಟು ಹೋಗಿ.
ಯಾಕೆ ಅಂತ ನಾನು ಕೇಳುವುದಿಲ್ಲ.
ಕೇಳದಿರುವುದಕ್ಕೇ ಸಂಬಳ ಅಂದುಕೊಂಡಿದ್ದೇನೆ.

ಲಾರಿ ಓಡಿಸುವ ತೆಮಿರ್‌ಕುಲ್
ನಲವತ್ತೇಳನೇ ಅಳತೆಯ ಪಾದದವ.
ಅವನು ಬರುವುದು ಕಂಡರೆ ಪೇಟೆಯ ಬೂಟಿನವರು
'ದೋಣಿ ಮಾರುವುದು ಆಚೆ ಬೀದಿಯಲ್ಲಿ' ಅನ್ನುತ್ತಿದ್ದರು.
ಇಪ್ಪತ್ತು ಚಳಿಗಾಲ ಬೆರಳು ಮಡಚಿಯೇ ನಡೆದ.
ಮೊನ್ನೆ ಪರದೆಯ ಹಿಂದೆ ಹೋದವ
ಬಹಳ ಹೊತ್ತು ಹೊರಗೆ ಬರಲಿಲ್ಲ.
ಕೆಳಗಿನ ಸಂದಿಯಲ್ಲಿ ಕಂಡೆ:
ಹೊಸ ಬೂಟಿನ ಮೂತಿ ಮೇಲೆ ಕೆಳಗೆ, ಮೇಲೆ ಕೆಳಗೆ.
ಒಳಗೆ ಹತ್ತು ಬೆರಳೂ ಮೊದಲ ಸಲ
ಕಾಲು ಚಾಚಿ ಕೂತಿರಬೇಕು.

ಆದರೆ ನಾನು ಹೇಳಹೊರಟಿದ್ದು ಬುರುಲ್ ವಿಷಯ.

ಹುಟ್ಟುಕಿವುಡಿ, ಮಾತೂ ಇಲ್ಲ.
ಆಸ್ಪತ್ರೆಯ ಹೊದಿಕೆಗಳಿಗೆ ಅಂಚು ಹೊಲಿಯುತ್ತಾಳೆ.
ಬಾಯಿದ್ದವ ಬರಗಾಲದಲ್ಲೂ ಬದುಕಿದನಂತೆ;
ಇವಳು ಸುಗ್ಗಿಯಲ್ಲೂ ದುಬಾರಿ ತೆತ್ತವಳು.
ಪೇಟೆಯಲ್ಲಿ ಬೆಲೆ ಅಂಟಿರುವುದು ಸಾಮಾನಿಗಲ್ಲ, ನಾಲಿಗೆಗೆ.
ಕತ್ತರಿಯ ಸಗಿನ್‌ಬೇಕ್ ಬೆರಳೆತ್ತಿ ತೋರಿಸುತ್ತಾನೆ: ಒಂಬೈನೂರು ಸೋಮ್.
ಪಕ್ಕದವಳು ಬೈದು, ನಕ್ಕು, ಹೊರಟಂತೆ ನಟಿಸಿ, ತಿರುಗಿ ಬಂದು
ಅದೇ ಕತ್ತರಿಯನ್ನು ಐನೂರಕ್ಕೆ ಒಯ್ಯುತ್ತಾಳೆ.
ಬುರುಲ್ ಹೊರಟಂತೆ ನಟಿಸಿದರೆ
ಹಿಂದಿನಿಂದ ಕರೆದದ್ದು ಕೇಳಿಸಬೇಕಲ್ಲ.

ಈಗ ರಾತ್ರಿ ಪಾಳಿ ಮುಗಿಸಿ, ಚಹಾ ಆರುವಷ್ಟರಲ್ಲಿ
ಹೆಬ್ಬೆರಳಿನಿಂದಲೇ ಹದಿನಾಲ್ಕು ಅಂಗಡಿ ಹತ್ತಿ ಇಳಿಯುತ್ತಾಳೆ.
ಎಲ್ಲೆಲ್ಲೂ ಬೆಲೆ ಬರೆದಿದೆ.
ಬ್ಯಾಂಕಿನ ಮ್ಯಾನೇಜರನ ಹೆಂಡತಿಗೆ ಎಷ್ಟೋ
ಇವಳಿಗೂ ಅಷ್ಟೇ.
ಸೂಜಿ, ಎಣ್ಣೆ ಡಬ್ಬಿ,
ಸೋವಿಯತ್ ಕಾಲದ ಹೊಲಿಗೆ ಯಂತ್ರಕ್ಕೊಂದು ಬಿಡಿಭಾಗ:
'ಇಂಥದ್ದು ಈಗ ಯಾರ ಬಳಿಯೂ ಇಲ್ಲ' ಎಂದು
ಇಲ್ಲಿನವರೆಲ್ಲ ಕೈ ಅಲ್ಲಾಡಿಸಿದ್ದು
ಸೈಬೀರಿಯಾದ ಯಾವನೋ ಮುದುಕನ ಕಪಾಟಿನಿಂದ
ಒಂಬತ್ತೇ ದಿನಕ್ಕೆ ನನ್ನ ಮೇಜಿಗೆ ಬಂತು.

ಎಲ್ಲವೂ ಸರಿಹೋಗುತ್ತದೆ ಅಂತಲ್ಲ.
ಒಮ್ಮೆ ಉಣ್ಣೆಯ ಶಾಲು ಅಂತ ತರಿಸಿದ್ದು ನೈಲಾನು.
ಹೊದ್ದರೆ ಚಟಪಟ, ಕೂದಲಲ್ಲಿ ನೀಲಿ ಕಿಡಿ.
ಮಡಚಿ ಇಲ್ಲೇ ಬಿಟ್ಟಳು. ದುಡ್ಡು ಮರಳಿತು.
'ಮುಟ್ಟಿದ ಮೇಲೆ ನಿನ್ನದೇ' ಅನ್ನಲು ಯಾರೂ ಇರಲಿಲ್ಲ.
ಅಂದು ಸಂಜೆ ಶಾಲಿನ ಚಿತ್ರದ ಕೆಳಗೆ ಬರೆದಳು:
'ಕುರಿ ಇದನ್ನು ದೂರದಿಂದಲೂ ನೋಡಿಲ್ಲ.'
ಮುನ್ನೂರ ಹನ್ನೆರಡು ಜನ
ಉಪಯೋಗವಾಯಿತು ಎಂದು ಒತ್ತಿದರು.
ನನಗೆ ತಂದು ತೋರಿಸಿದಳು. ಸಂಖ್ಯೆಯ ಮೇಲೆ ಉಗುರಿಟ್ಟು
ತನ್ನ ಕಿವಿ ಮುಟ್ಟಿಕೊಂಡಳು, ಆಮೇಲೆ
ಕಿಟಕಿಯಾಚೆಯ ಹಿಮದ ಕಡೆ ಕೈ ಬೀಸಿದಳು:
ಕೇಳಿಸಿತಂತೆ, ಅವರಿಗೆ.

ಸಗಿನ್‌ಬೇಕನಿಗೆ ನನ್ನ ಮೇಲೆ ಸಿಟ್ಟು.
ಹೊಟ್ಟೆಯ ಮೇಲೆ ಹೊಡೆದಿರಿ ಎಂದು ಬಾಗಿಲಲ್ಲೇ ಕೂಗಾಡಿದ.
ಸುಳ್ಳೇನಲ್ಲ, ಅವನ ಸಾಲಿನಲ್ಲಿ ಮೂರು ಅಂಗಡಿಗೆ ಬೀಗ ಬಿದ್ದಿದೆ.
ಕೂಗಾಡಿ ಮುಗಿದ ಮೇಲೆ ಮೇಜಿನತ್ತ ಬಾಗಿ
ತನ್ನದೂ ಒಂದು ಪೊಟ್ಟಣ ಇದೆ ಎಂದ, ಮೆಲ್ಲಗೆ.
ಅಂಗೈಯಷ್ಟು ಡಬ್ಬ. ಏನಿತ್ತೋ,
ಕೇಳಲಿಲ್ಲ.

ನಿನ್ನೆ ರಾತ್ರಿ ನನಗೊಂದು ಕೆಟಲ್ ಬೇಕಿತ್ತು.
ಅಗ್ಗದ್ದು, ಕೆಂಪು, ನೋಡಲು ಚಂದ.
ಇನ್ನೇನು ಒತ್ತಬೇಕು, ಕೆಳಗೆ ಬುರುಲ್ ಹೆಸರು:
'ಹಿಡಿ ಸುಡುತ್ತದೆ. ನಾನು ಸುಟ್ಟುಕೊಂಡೆ. ನಿಮಗೆ ಬೇಡ.'
ಬೆರಳು ತಟ್ಟನೆ ಹಿಂದೆಳೆದುಕೊಂಡೆ,
ಯಾರೋ ಜೋರಾಗಿ
ಕೂಗಿ ತಡೆದ ಹಾಗೆ.